ಮುಂಗಾಲಿನ ಸೀಸ

ರಂಗಯ್ಯನದುರ್ಗದ ಕಾಡಿನಲ್ಲಿ, ಕಮರದ ಮರದ ಬುಡಕ್ಕೆ ಸಿಕ್ಕಿತು.
ನರಿ ತಿಂದು, ಇರುವೆ ತಿಂದು, ಬಿಸಿಲೂ ತಿಂದು
ಉಳಿದಷ್ಟು.
ಬುರುಡೆಯ ಮೇಲೆ ನಾಲ್ಕು ಕೊಂಬು:
ಹಿಂದಿನವು ನನ್ನ ನಡುಬೆರಳುದ್ದ,
ಮುಂದಿನವು ಮೊಳಕೆ ಬಂದ ಕಡಲೆಯಷ್ಟು.
ಗಂಡು ಕೊಂಡುಕುರಿ. ಹಲ್ಲು ಸವೆದು ಒಸಡಿಗಿಳಿದಿತ್ತು.
ರಿಜಿಸ್ಟರಿನಲ್ಲಿ ಬರೆದೆ:
ಸಾವಿನ ಕಾರಣ, ವಯಸ್ಸು.

ಎಡ ಮುಂಗಾಲಿನ ಮೂಳೆ ಎತ್ತಿದರೆ
ಭಾರ ಒಂದು ಚೂರು ಹೆಚ್ಚು.
ಹೆಗಲ ಹತ್ತಿರ ಗಂಟು,
ಬೇಲಿಯ ತಂತಿ ನುಂಗಿ ಬೆಳೆದ ಬೇವಿನ ಹಾಗೆ
ಮೂಳೆ ಏನನ್ನೋ ನುಂಗಿ ಬೆಳೆದಿತ್ತು.
ಕಲ್ಲಿನಲ್ಲಿ ಕುಟ್ಟಿದೆ. ಉದುರಿತು ಸೀಸದ ಗುಂಡು,
ಬಾರೆ ಹಣ್ಣಿನ ಬೀಜದಷ್ಟು.
ಅದಕ್ಕೆ ಫಾರಂನಲ್ಲಿ ಕಾಲಂ ಇರಲಿಲ್ಲ.
ಜೇಬಿಗೆ ಹಾಕಿಕೊಂಡೆ.

ಅಪ್ಪ ಸೀಸ ಕಾಯಿಸುತ್ತಿದ್ದುದು ಹಿಡಿ ಮುರಿದ ಸೌಟಿನಲ್ಲಿ.
ಒಂದು ಸಲಕ್ಕೆ ಏಳೇ ಗುಂಡು.
ಎಣಿಸಿ ಒಯ್ದು, ಎಣಿಸಿ ತರುವನು,
ಹಾಲಿನ ಲೆಕ್ಕ ಇಡುವವರ ಹಾಗೆ.
ನೀರಿಗೆ ಬಗ್ಗಿದ್ದನ್ನು ಮುಟ್ಟುತ್ತಿರಲಿಲ್ಲ.
ಹಿಂದೆ ಮರಿಯಿದ್ದರೆ ಬಂದೂಕಿನ ಕುದುರೆ ಇಳಿಸುತ್ತಿದ್ದ.
ಕೊಂಡುಕುರಿ ಹಿಕ್ಕೆ ಹಾಕಲು ದಿನಾ ಅದೇ ಜಾಗಕ್ಕೆ ಬರುತ್ತದೆ,
ಅಲ್ಲಿ ಕಾದು ಕೂತವನನ್ನು ಕಂಡರೆ ಉಗಿಯುವನು:
"ಚೊಂಬು ಹಿಡ್ಕಂಡು ಹೊಂಟೋನ್ನ ಹೊಡ್ದಂಗಾತು, ಥೂ."
ಪಾಲು ಹಾಕುವಾಗ ಕರುಳು ನಾಯಿಗೆ,
ಬಸುರಿಯಿದ್ದ ಮನೆಗೆ ಎರಡು ಪಾಲು.
ಹಾಗೆ, ನಾನು ಹುಟ್ಟುವ ಮೊದಲೇ ಉಂಡವಳು.
ಈಗ ಖಾಕಿ ತೊಟ್ಟು ಅದೇ ಗೊರಸುಗಳ ಗುರುತು ಎಣಿಸುತ್ತೇನೆ.
ಅಪ್ಪನ ಕಟ್ಟಲೆಗಳಿಗೆಲ್ಲ ಸೇರಿ
ಕಾನೂನಿನಲ್ಲಿ ಒಂದೇ ಹೆಸರು: ಅಪರಾಧ.
ತರಬೇತಿಯಲ್ಲಿ ಅದನ್ನು ಬಾಯಿಪಾಠ ಮಾಡಿದೆ.

ಒಂಬತ್ತು ವರ್ಷದ ಹಿಂದೆ, ಕಾರ್ತೀಕದ ಒಂದು ಮಬ್ಬಿನಲ್ಲಿ
ಬಂದ್ರೆ ಗಿಡದಾಚೆ ಕಿವಿಯೊಂದು ಅಲುಗಿತು.
ಮೊಲ ಅಂದುಕೊಂಡನಂತೆ.
ಇಡೀ ಮೈ ಕಾಣದೆ ಹೊಡೆಯಬಾರದು, ಅದೂ ಅವನದೇ ಮಾತು.
ಹೊಡೆದ.
ಎರಡು ರಾತ್ರಿ ಒಂದು ಹಗಲು
ಕಲ್ಲಿನ ಮೇಲಿನ ಹನಿಗಳ ಹಿಂದೆ ಹೋದ.
ನಾಯಿ ಸೋತು ಮಲಗಿತು, ಅವನು ಮಲಗಲಿಲ್ಲ.
ಹಳ್ಳದ ಬಂಡೆಯಲ್ಲಿ ಹನಿ ನಿಂತಿತು.
ಮೃಗ ನಿಂತಿರಲಿಲ್ಲ.
ಮನೆಗೆ ಬಂದು ಎಣಿಸಿದ. ಆರು.

ಚುನಾವಣೆಗೆಂದು ಜಗಳೂರು ಠಾಣೆಯಲ್ಲಿಟ್ಟ ಬಂದೂಕನ್ನು
ಚುನಾವಣೆ ಮುಗಿದರೂ ತರಲಿಲ್ಲ.
ಪೊಲೀಸರೇ ಎರಡು ಸಲ ಹೇಳಿ ಕಳಿಸಿದರು,
ಪಾಲಯ್ಯ, ನಿನ್ನ ಕೋವಿಗೆ ತುಕ್ಕು ಹಿಡೀತೈತೆ.
ಈಗಲೂ ರಾತ್ರಿ ಎದ್ದು ಬಾಗಿಲವರೆಗೆ ಹೋಗಿ ಬರುತ್ತಾನೆ.
ಸಕ್ಕರೆ ಕಾಯಿಲೆ, ಎನ್ನುತ್ತಾಳೆ ಅಮ್ಮ.

ಗುಂಡನ್ನು ಅವನ ಅಂಗೈಯಲ್ಲಿಟ್ಟೆ.
ಕನ್ನಡಕ ಹುಡುಕಲಿಲ್ಲ. ಉಗುರಿನಿಂದ ಸವರುತ್ತ
ತನ್ನ ಅಚ್ಚಿನ ಸೀಳು ಇದೆಯೇ ನೋಡಿದ.
"ಯಾವ ಕಾಲು?"
"ಎಡಗಾಲು."
"ನಂದಲ್ಲ. ನೆತ್ರ ಬಲಕ್ಕೇ ಬೀಳ್ತಿತ್ತು."
ಸದ್ಯ, ಎಂದು ನಾನು ಉಸಿರು ಬಿಡುವಷ್ಟರಲ್ಲಿ
ಅವನ ಮುಖ ಇಳಿದಿತ್ತು.
ಅವನದಾಗಿದ್ದರೆ
ಇವತ್ತಿಗೆ ಏಳಾಗುತ್ತಿತ್ತು.

ಮುದ್ದೆ ತಣ್ಣಗಾಗುವಷ್ಟು ಹೊತ್ತಿನ ಮೇಲೆ ಬಾಯಿ ಬಿಟ್ಟ:
"ಹೊಡ್ದೋನಿಗೆ ಯಾರಾರ ಹೇಳ್ಬಕು ಕಣವ್ವ.
ಅದು ಸತ್ತಿರ್ಲಿಲ್ಲ, ಮುದುಕಾಗಗಂಟ ಮೇಯ್ಕಂಡಿತ್ತು ಅಂತ.
ಅವ್ನಾರ ನಿದ್ದಿ ಮಾಡ್ಲಿ."

ಈ ಖಾಕಿಯಲ್ಲಿ ಯಾರ ಬಾಗಿಲು ತಟ್ಟಲಿ?
ಮರುದಿನ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿ
ಯಾರಿಗೂ ಅಲ್ಲವೆಂಬಂತೆ ಅಂದೆ:
ಒಂದು ಮುದಿ ಕೊಂಡುಕುರಿ ಸಿಕ್ತು, ವಯಸ್ಸಾಗಿ ಸತ್ತಿದ್ದು.
ಒಬ್ಬ ಮಳೆಯ ಸುದ್ದಿ ತೆಗೆದ, ಇನ್ನೊಬ್ಬ ಈರುಳ್ಳಿಯ ರೇಟು.
ಗಾದ್ರಪ್ಪ ಮಾತ್ರ
ಉರಿಯುತ್ತಿದ್ದ ಬೀಡಿಗೇ ಮತ್ತೊಮ್ಮೆ ಕಡ್ಡಿ ಗೀರುತ್ತ
ನೆಲ ನೋಡಿಕೊಂಡು ಕೇಳಿದ:
"ಕುಂಟ್ತಿತ್ತೇನವ್ವ?"

ಅದು ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ.
ಇಲ್ಲಣ್ಣ, ಎಂದೆ.