ಗಾಳಿ ಹಿಡಿದ ಪಂಪು

ಯಾಂಬಾದಲ್ಲಿ ನದಿ ಕಡಲಿಗೆ ಸೇರುವ ಕಲ್ಲುಗೋಡೆಯ ಈಚೆಗೆ
ಬೆಳಗಿನ ಐದೂವರೆ. ಹಳದಿ ಕಯಾಕು ನನ್ನದಲ್ಲ,
ಡೆನ್ಜಿಲ್ ಪ್ಯಾಸ್ಕೊನದು.
ಅವನೀಗ ಸೋಮ, ಬುಧ, ಶುಕ್ರ
ನಮ್ಮ ವಾರ್ಡಿನ ನಾಲ್ಕನೇ ಕುರ್ಚಿಯಲ್ಲಿ
ತೋಳಿಗೆ ಎರಡು ನಳಿಗೆ ಸಿಕ್ಕಿಸಿಕೊಂಡು ಕೂರುತ್ತಾನೆ.
ನಾನು ಯಂತ್ರದ ಅಂಕಿ ನೋಡುತ್ತೇನೆ,
ಅವನು ಕಿಟಕಿಯಾಚೆ ನೀರಿನ ಇಳಿತ.
"ತಗೊಂಡು ಹೋಗು ಅತ್ಲಾಗೆ" ಎಂದಿದ್ದ, ಬೈದ ಹಾಗೆ,
"ಒಣಗಿದರೆ ಬಿರುಕು ಬಿಡುತ್ತದೆ."

ಸೀಟಿನ ಹಿಂದೆ ಬಿಳಿ ತೊಟ್ಟಿ, ಹದಿನೆಂಟು ಲೀಟರು.
ಅದರಲ್ಲಿ ಏಳು ಮುಲ್ಲೆಟ್ ಮರಿ,
ಬ್ರೆಡ್ಡಿನ ಚೂರಿಗೆ ಆಸೆಪಟ್ಟು
ಪ್ಲಾಸ್ಟಿಕ್ ಬುಟ್ಟಿಗೆ ತಾವಾಗಿ ಬಂದವು.
ಅರ್ಧ ತಾಸು ಗುರ್ ಎಂದ ಪಂಪು
ಈಗಲೂ ಗುರ್ ಎನ್ನುತ್ತಿದೆ.
ನೀರಿಲ್ಲ.

ಡೆನ್ಜಿಲ್ ಹೇಳಿಕೊಟ್ಟದ್ದು ಬಾಯಿಪಾಠ:
ಮೊದಲು ಫ್ಯೂಸು. ಸರಿಯಿದೆ.
ಬ್ಯಾಟರಿಯ ತಲೆಗೆ ಹಸಿರು ಕಿಲುಬು. ಉಗುರಿನಿಂದ ಕೆರೆದೆ,
ಗುರ್ ಒಂದು ಸ್ವರ ಮೇಲೇರಿತು, ಅಷ್ಟೆ.
ಮೊಣಕೈವರೆಗೆ ನದಿಗಿಳಿಸಿ ಅಡಿಯ ಜಾಲರಿ ತಡವಿದೆ.
ಒಂದೆಳೆ ಪಾಚಿ, ಯಾರದೋ ಬಾಚಣಿಗೆಯಿಂದ ಬಂದ ಹಾಗೆ.
ಕಿತ್ತೆಸೆದೆ.
ಊಹೂಂ.

ಮೀನುಗಳು ಮೇಲೆ ಬಂದವು.
ನೀರಿನ ತೊಗಲಿಗೆ ಬಾಯಿ ತಾಗಿಸಿ ತಾಗಿಸಿ
ಗುಟುಕು ಗುಟುಕಾಗಿ ಏನನ್ನೋ ಕೇಳತೊಡಗಿದವು.
ಆ ಬಾಯಿ ನನಗೆ ಗೊತ್ತು. ಕೆಲಸದಲ್ಲಿ
ಅದು ಕಂಡರೆ ಓಡುತ್ತೇವೆ, ನಡೆಯುವುದಿಲ್ಲ.

ಇನ್ನೊಂದು ಗಳಿಗೆಗೆ ಕೊಕ್ಕೆಗೆ ಚುಚ್ಚಬೇಕಾದ ಜೀವಗಳು.
ಆದರೂ ಥರ್ಮಾಸಿನ ಮುಚ್ಚಳದಲ್ಲಿ
ನದಿ ಮೊಗೆದು ಮೊಗೆದು ಮೇಲಿಂದ ಸುರಿದೆ.
ನಗು ಬಂತು. ಕೈ ನಿಲ್ಲಲಿಲ್ಲ.

ಆಗ ಹೊಳೆಯಿತು.
ಸಿಗಡಿ ಟ್ರಾಲರು ಹಾದಾಗ ಎದ್ದ ಅಲೆಗೆ
ಕಯಾಕು ಮೂತಿ ಎತ್ತಿತ್ತಲ್ಲ,
ಒಂದು ಗುಟುಕು ಆಕಾಶ ಕುಡಿದುಬಿಟ್ಟಿದೆ.
ಗಾಳಿ ಹಿಡಿದಿದೆ ಪಂಪಿಗೆ.

ರಾಣೆಬೆನ್ನೂರಲ್ಲಿ ಹೀಗೆಂದರೆ
ಬೇವಿನ ಸೊಪ್ಪು, ಒಣಮೆಣಸಿನ ಘಾಟು,
ಮುಸ್ಸಂಜೆ ಯಾವ ಮರದ ಕೆಳಗೆ ಹೋಗಿದ್ದಳು ಎಂಬ ವಿಚಾರಣೆ.
ನಮ್ಮ ದೊಡ್ಡವ್ವ ಚಂಪಕ್ಕನಿಗೆ ಹಿಡಿದಿತ್ತು ಒಮ್ಮೆ.
"ಯಾರು ನೀ? ಏನು ಬೇಕು ನಿನಗ?"
ಮೂರನೇ ಸಲಕ್ಕೆ ಬಾಯಿ ಬಿಟ್ಟಿತಂತೆ:
"ಗೋಲಿಸೋಡಾ. ತಣ್ಣಂದು."

ನಾಲ್ಕನೇ ಕುರ್ಚಿಯಲ್ಲಿ ಅದೇ ಮಾತಿಗೆ ಬೇರೆ ಅರ್ಥ.
ಒಂದೇ ಗುಳ್ಳೆ ಕಂಡರೂ ಯಂತ್ರ ಚೀರುತ್ತದೆ,
ನಾನು ಕ್ಲಾಂಪು ಹಾಕುತ್ತೇನೆ, ಬೆರಳಿಂದ ತಟ್ಟುತ್ತೇನೆ.
ಕಥೆ ಕೇಳಿದ ಮೇಲೆ ಡೆನ್ಜಿಲ್ ಪ್ರತಿ ಸಲವೂ
ಕಣ್ಣು ತೆರೆಯದೆ ಕೇಳುತ್ತಾನೆ,
"ಇವತ್ತು ಏನು ಬೇಕಂತೆ ಅದಕ್ಕೆ?"

ತೊಟ್ಟಿಯ ಅಂಚಿನಿಂದ ಪೈಪು ಬಿಚ್ಚಿದೆ.
ಬಾಯಿಗಿಡುವ ಮುಂಚೆ ಕಂಡಿತು,
ತುದಿಯ ರಬ್ಬರಿನಲ್ಲಿ ಹಲ್ಲಿನ ಗುರುತು.
ಮೇಲೆ ನಾಲ್ಕು, ಕೆಳಗೆ ಮೂರು.
ಇದನ್ನು ಅವನು ಪಟ್ಟಿಯಲ್ಲಿ ಹೇಳಿರಲಿಲ್ಲ.

ಅದೇ ಗುಳಿಗಳಲ್ಲಿ ಹಲ್ಲು ಊರಿ ಎಳೆದೆ,
ಕೆನ್ನೆ ಒಳಸೇರಿ ಕಿವಿ ಗುಂಯ್‌ಗುಡುವ ತನಕ.
ರಬ್ಬರು, ಉಪ್ಪು, ಹಳೇ ಮೀನು.
ಗುಳುಕ್ ಎಂದು ನದಿ ಬಾಯ್ತುಂಬ ಬಂತು.
ಉಗುಳಿದೆ, ಕೆಮ್ಮಿದೆ, ಪೈಪು ಸಿಕ್ಕಿಸಿದೆ.
ಏಳರಲ್ಲಿ ಐದು ತಳಕ್ಕಿಳಿದು
ಒಂದೇ ದಿಕ್ಕಿಗೆ ಸುತ್ತತೊಡಗಿದವು.
ಉಳಿದೆರಡಕ್ಕೆ ಪೆಲಿಕನ್ ಕಾದಿತ್ತು.

ಸೋಮವಾರ. ಸೂಜಿಗೆ ಟೇಪು ಅಂಟಿಸುತ್ತಿದ್ದೆ.
"ಎಷ್ಟು ಹಿಡಿದೆ?"
ಒಂದೂ ಇಲ್ಲ.
"ಪಂಪು?"
ಗಾಳಿ ಹಿಡಿದಿತ್ತು.
"ಏನು ಕೇಳಿತು?"
ಸೋಡಾ, ಎಂದೆ.
ಹಲ್ಲಿನ ವಿಷಯ ಎತ್ತಲಿಲ್ಲ.
ದಿನಕ್ಕೆ ಎಂಟುನೂರು ಮಿಲಿಯ ಲೆಕ್ಕದವನು ಡೆನ್ಜಿಲ್,
ಮಂಜುಗಡ್ಡೆಯ ಚೂರನ್ನು
ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ ಹೇಳಿದ:
"ಬುದ್ಧಿವಂತ ದೆವ್ವ."