ನೀರಿನ ಬೀಗ

ಟಿಕೇಟಿಲ್ಲ, ಗೈಡಿಲ್ಲ. ಒದ್ದೆ ಹುಲ್ಲಿನಲ್ಲೊಂದು ಹಲಗೆ:
ಹ್ಯಾಥರ್ಲಿ ಇಳಿಜಾರು, ಐದು ಬೀಗ.
ಮನೆಗೆ ಹಾಕುವಂಥದಲ್ಲ, ಕಾಲುವೆಗೆ ಹಾಕಿದ್ದು.
ಇನ್ನೂರು ವರ್ಷದ ಸೇವೆ, ನಿವೃತ್ತಿ ಇನ್ನೂ ಇಲ್ಲ.

ಮೇಲಿನ ಕಟ್ಟೆಯಲ್ಲಿ ಹೆಟ್ಟಿ ಪ್ರಾಸರ್,
ಎಪ್ಪತ್ತೊಂದರ ಹೆಂಗಸು, ನಡುಪಟ್ಟಿಗೆ ಸಿಕ್ಕಿಸಿದ
ಕಬ್ಬಿಣದ ಹಿಡಿಕೆ. ಅದೇ ಕೀಲಿ.
ನನ್ನ ಕ್ಯಾಮೆರಾ ಕಂಡು ಮುಖ ಸಿಂಡರಿಸಿ
ಕೀಲಿಯನ್ನೇ ಕೈಗಿತ್ತಳು: ನೋಡಿದ್ದು ಸಾಕು, ತಿರುಗಿಸು.

ತಿರುಗಿಸಿದೆ. ಹಲ್ಲುಗಾಲಿ ಟಕಟಕ ಎಂದಿತು.
ಎಲ್ಲೋ ತಳದಲ್ಲಿ ಕಟ್ಟಿದ ಗಂಟಲು ಬಿಟ್ಟಂತೆ
ಕಪ್ಪು ತೊಟ್ಟಿಯೊಳಗೆ ನೀರು ನುಗ್ಗಿ
ಬೀಗುತ್ತ, ಬೀಗುತ್ತ,
ಆಳದಲ್ಲಿ ನಿಂತಿದ್ದ ಹಸಿರು ದೋಣಿಯನ್ನು
ಜೆರೇನಿಯಂ ಕುಂಡ, ಒಲೆಯ ಹೊಗೆ,
ಮಲಗಿದ ನಾಯಿ ಸಮೇತ ಎತ್ತತೊಡಗಿತು.
ನಾಯಿ ಕಣ್ಣು ತೆರೆಯಲಿಲ್ಲ.

ನನಗೆ ಅವಸರ. ತೊಲೆಗೆ ಬೆನ್ನು ಕೊಟ್ಟೆ.
ಕಾಲಿಗೆ ಆನಿಕೆಯಾಗಲೆಂದು ಎಬ್ಬಿಸಿ ಕೂರಿಸಿದ ಇಟ್ಟಿಗೆ ಸಾಲು,
ಎಷ್ಟು ಹಿಮ್ಮಡಿ ತೇಯ್ದಿವೆಯೋ,
ಅಲ್ಲೇ ನನ್ನದನ್ನೂ ಒತ್ತಿ ನೂಕಿದೆ.
ಓಕ್ ಮರದ ಕದ ಮಿಸುಕಲಿಲ್ಲ.
"ಒಂದು ಬೆರಳು," ಎಂದಳು ಹೆಟ್ಟಿ, ಫ್ಲಾಸ್ಕಿನ ಮುಚ್ಚಳ ತಿರುಚುತ್ತ.
"ಮೇಲಿನ ನೀರು ಒಳಗಿನದಕ್ಕಿಂತ ಒಂದು ಬೆರಳು ಎತ್ತರವಿದ್ದರೂ
ಹತ್ತು ಕುದುರೆ ಕಟ್ಟಿ ಎಳೆದರೂ ತೆರೆಯಲ್ಲ. ಕೂತ್ಕೊ."

ಕೂತೆ.
ನನ್ನ ನುಡಿಯಲ್ಲಿ ಬೀಗಕ್ಕೊಂದು ಅಕ್ಷರ ಸೇರಿಸಿದರೆ ಬೀಗರು:
ಹೆಣ್ಣಿನ ಕಡೆಯದೊಂದು ನೀರು, ಗಂಡಿನ ಕಡೆಯದೊಂದು,
ನಡುವೆ ಕದ; ಮೊದಲು ತಗ್ಗಲು ಯಾರೂ ಒಲ್ಲರು.
ಇದನ್ನು ಅವಳಿಗೆ ಅರ್ಧಂಬರ್ಧ ಹೇಳಿದೆ.
ನಗಲಿಲ್ಲ.
"ಕೊನೆಯ ಬೀಗ ನನ್ನ ತಮ್ಮ ಆಂಬ್ರೋಸನದು.
ಅಪ್ಪನ ದೋಣಿ ಮಾರಿದ ವರ್ಷದಿಂದ ಮಾತಿಲ್ಲ, ಹನ್ನೆರಡಾಯಿತು.
ನೀರು ಮಾತ್ರ ದಿನಾ ಕಳಿಸುತ್ತೇನೆ."

ಮೊರೆತ ನಿಂತಿತು. ಅದೇ ಕದ
ಈಗ ಮೊಣಕೈ ತಾಗಿಸಿದ್ದಕ್ಕೇ ಸರಿಯಿತು.
ದೋಣಿ ಹೋಯಿತು. ನಾಯಿ ಹಾಗೆಯೇ.

ಆಮೇಲೆ ಇಳಿಯುವ ದೋಣಿಯೊಂದು ಬಂತು.
ಅಷ್ಟು ಹೊತ್ತು ಕಾದು ತುಂಬಿದ್ದನ್ನೆಲ್ಲ ಖಾಲಿ ಮಾಡಿದೆವು,
ನೊರೆಯಾಗಿ, ಕಂದು ಎಲೆ ಹೊತ್ತು
ಎರಡನೆಯದಕ್ಕೆ ಇಳಿಯಿತು. ಅಲ್ಲಿಂದ ಮೂರನೆಯದಕ್ಕೆ.

ತುಂಬ ಹೊತ್ತಿನ ಮೇಲೆ, ಆಲ್ಡರ್ ಮರಗಳ ಆಚೆ,
ಟಕ.
ಟಕ ಟಕ.
ಹೆಟ್ಟಿ ಟೀ ಹೀರುವುದನ್ನು ನಿಲ್ಲಿಸಿ ಕಿವಿಗೊಟ್ಟಳು.
"ಎಡಗೈಯಲ್ಲಿ ತಿರುಗಿಸ್ತಿದ್ದಾನೆ," ಎಂದಳು.
"ಬಲಭುಜ ಇನ್ನೂ ನೋಯುತ್ತಿರಬೇಕು."