ಶುಕ್ರವಾರದ ಗೆಡ್ಡೆ

ಓಟಾರಾ ಸಂತೆಗೆ ಬೆಳಕು ಹರಿಯುವ ಮೊದಲೇ ಬರಬೇಕು.
ಏಳೂವರೆಗೆಲ್ಲ ಒಳ್ಳೆ ಕೆಸುಗೆಡ್ಡೆ ಖಾಲಿ,
ಉಳಿಯುವುದು ಬುಡ ಮೆತ್ತಗಾದವು,
ಯಾರೋ ಉಗುರಲ್ಲಿ ಗೀರಿ ನೋಡಿ ಬಿಟ್ಟವು.

ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ಮುಗಿಸಿ
ನಾನು ನೇರ ಇಲ್ಲಿಗೇ; ಕೈಯಲ್ಲಿನ್ನೂ ಬ್ಲೀಚಿನ ವಾಸನೆ.
ಸೆಮಿಸಿ ಡಿಪೋದ ಜಾಕೆಟ್ಟಿನಲ್ಲೇ ಬಂದಿದ್ದಾನೆ,
ಮೊದಲ ಬಸ್ಸು ಓಡಿಸಿ ಓಡಿಸಿ
ರಜೆಯ ದಿನವೂ ಮೂರಕ್ಕೆ ಎಚ್ಚರವಾಗುವ ಗಂಡಸು.
ವಾರಕ್ಕೊಮ್ಮೆ ನಾವು ಎದುರೆದುರು ನಿಲ್ಲುವುದು
ಈ ಗುಡ್ಡೆಯ ಆಚೆ ಈಚೆ.

"ಆಲೂಗಡ್ಡೆ ಅಗ್ಗ" ಅನ್ನುತ್ತಾನೆ.
ಅಗ್ಗವೇ. ಮಂಗಳವಾರ ನೀರು ಬಿಟ್ಟುಕೊಂಡು
ಬುಧವಾರ ಒದ್ದೆ ಕಾಗದ ಅಗಿದ ಹಾಗೆ.
ಬಾಡಿಗೆ ಏರಿದ ತಿಂಗಳು ಪೂರ್ತಿ ಅದನ್ನೇ ತಿಂದೆವಲ್ಲ,
ಯಾರೂ ದೂರಲಿಲ್ಲ,
ಡಬ್ಬಿಗಳು ಮಾತ್ರ ಅರ್ಧ ತುಂಬಿಕೊಂಡೇ ಮನೆಗೆ ಬಂದವು.

ಕಿತ್ತಳೆ ಬಣ್ಣದ ಗೆಣಸೆಂದರೆ ಅವನಿಗೆ ಪ್ರಾಣ.
ನರ್ಸು ಸಕ್ಕರೆಯ ಅಂಕಿ ಬರೆದುಕೊಟ್ಟ ಚೀಟಿಯನ್ನು
ನಾನು ಹೊರಗೆ ತೆಗೆಯುವುದಿಲ್ಲ,
ಪರ್ಸಿನ ಜಿಪ್ಪು ಒಂದಿಷ್ಟು ಎಳೆಯುತ್ತೇನೆ, ಸಾಕು.
ಅವನ ಕೈ ಕೆಂಪು ಗೆಣಸಿನ ಕಡೆ ಸರಿಯುತ್ತದೆ,
ಗಟ್ಟಿಯವು, ಮುಷ್ಟಿ ಗಾತ್ರದವು, ಎರಡೇ ಎರಡು.
ಆಮೇಲೆ ಒಂದು ಕಿತ್ತಳೆಯದು ಚೀಲದ ತಳ ಸೇರಿದ್ದು
ನಾನು ಕಂಡಿಲ್ಲ ಅಂದುಕೊಂಡಿದ್ದಾನೆ.

ಮರಗೆಣಸು ನಮ್ಮಪ್ಪನ ಊಟ.
ಈಗ ಸಮುದ್ರ ದಾಟಿ ಮಂಜುಗಟ್ಟಿ ಬರುತ್ತದೆ,
ಗುರುವಾರದ ಹೊತ್ತಿಗೆ ಥೇಟು ಸೀಮೆಸುಣ್ಣ.
ಬಿಸಿ ಮಾಡಿ ಎರಡು ಚಮಚ ತೆಂಗಿನಹಾಲು ಸುರಿದರೆ
ಮತ್ತೆ ಮನಸ್ಸು ಮಾಡುತ್ತದೆ.
ಮುನಿಸಿನವರ ಜೊತೆ ಬಾಳಿದವರಿಗೆ ಇದು ಗೊತ್ತು.

ಬಾಳೆಕಾಯಿ ಸೋಮವಾರಕ್ಕೆ ಮಾತ್ರ.
ಆಮೇಲೆ ಬೂದಿ ಬಣ್ಣಕ್ಕೆ ತಿರುಗಿ
ಕ್ಯಾಂಟೀನಿನಲ್ಲಿ ಪಕ್ಕದವರು ಮೂಗು ಮುರಿಯುತ್ತಾರೆ.
ಮುರಿಯಲಿ.

ಶುಕ್ರವಾರಕ್ಕೆ ಕೆಸುವೇ ಆಗಬೇಕು.
ಆರು ದಿನ ಚಳಿಯಲ್ಲಿ ಕೂತರೂ
ಕೊಯ್ದ ಅಂಚು ಕೊಯ್ದ ಹಾಗೇ ನಿಲ್ಲುವುದು ಅದೊಂದೇ.
ಗಾತ್ರ ನೋಡಬಾರದು, ತೂಕ ನೋಡಬೇಕು,
ಬುಡವನ್ನು ಹೆಬ್ಬೆರಳಲ್ಲಿ ಅದುಮಬೇಕು,
ಕಿವಿಗೆ ಹಿಡಿದು ತಟ್ಟಬೇಕು.
ಮಾರುವ ಲೆಸಿಯೇಲಿ ನಗುತ್ತಾಳೆ: "ಏನನ್ನುತ್ತೆ?"
"ಇನ್ನೂ ಮಣ್ಣಲ್ಲೇ ಇದ್ದೀನಿ ಅನ್ನುತ್ತೆ."

ಮಧ್ಯಾಹ್ನ.
ನಾಳೆ ದೇವರ ದಿನ, ವಾರದ ಕೆಲಸ ಇವತ್ತೇ ಮುಗಿಯಬೇಕು.
ಸಿಪ್ಪೆ ತೆಗೆಯುವುದು ಅವನು, ಹೆಚ್ಚುವುದು ನಾನು.
ಹಸಿ ಕೆಸುವಿಗೆ ಮೊಣಕೈವರೆಗೂ ತುರಿಕೆ,
ಗ್ಲೌಸು ಹಾಕು ಅಂದರೆ ಹಾಕುವವನಲ್ಲ.
ಸರಿಯಾಗಿ ಬೇಯದಿದ್ದರೆ ಗಂಟಲೂ ಹಿಡಿಯುತ್ತದೆ.
ಮದುವೆಯಾದ ಹೊಸತರಲ್ಲಿ ನನ್ನ ಅವಸರದ ಅಡಿಗೆ ಉಂಡು
ಅವನಮ್ಮ ಮೂರು ದಿನ ಮಾತಾಡಿರಲಿಲ್ಲ;
ಸಿಟ್ಟಿಗೋ, ಗಂಟಲಿಗೋ, ಇವತ್ತಿಗೂ ಗೊತ್ತಿಲ್ಲ.

ಹತ್ತು ಡಬ್ಬಿ. ಐದು ಅವನವು, ಐದು ನನ್ನವು.
ಮುಚ್ಚಳಕ್ಕೆ ಟೇಪು, ಟೇಪಿನ ಮೇಲೆ ವಾರದ ಹೆಸರು.
ನಾನು ಬರುವಾಗ ಅವನು ಹೊರಟಾಗಿರುತ್ತದೆ,
ಅವನು ಬರುವಾಗ ನನಗೆ ನಿದ್ದೆ,
ನಾನು ಏಳುವಾಗ ಅವನಿಗೆ.
ಫ್ರಿಜ್ಜಿನ ದೀಪದಲ್ಲಿ ಎಣಿಸುತ್ತೇನೆ:
ಒಂದು ಕಡಿಮೆಯಾಗಿದ್ದರೆ
ಎದ್ದಿದ್ದಾನೆ, ಹೋಗಿದ್ದಾನೆ, ಕ್ಷೇಮ.

ಶುಕ್ರವಾರದ ಪಾಳಿ. ರಾತ್ರಿ ಎರಡು ಗಂಟೆ.
ಒಗೆದ ಹಾಸಿಗೆಬಟ್ಟೆಗಳ ಬೆಟ್ಟಕ್ಕೆ ಒರಗಿ
ಡಬ್ಬಿ ತೆರೆದರೆ
ಮೇಲೆ ನಾಲ್ಕು ತುಂಡು ಕೆಸು, ನೆಟ್ಟಗೆ, ನಾನಿಟ್ಟ ಹಾಗೆ.
ಅಡಿಯಲ್ಲಿ ಕಿತ್ತಳೆ ಗೆಣಸು,
ಕರಗಿ, ಮುದ್ದೆಯಾಗಿ, ಮೂಲೆ ಹಿಡಿದು.

ಅದು ಶುಕ್ರವಾರದವರೆಗೆ ನಿಲ್ಲುವುದಿಲ್ಲ ಅಂತ
ಎಷ್ಟು ಸಲ ಹೇಳಿದ್ದೇನೆ ಈ ಮನುಷ್ಯನಿಗೆ.
ಎದ್ದು ಹೋಗಿ
ಚಮಚ ಹುಡುಕಿಕೊಂಡು ಬಂದೆ.